ಎರಡನೇ ಮಹಡಿಗೆ ಬಂದ ಸಿಸ್ಟರ್

ಮಾರ್ಚ್ 4, ಮಂಗಳವಾರ. ಮಧ್ಯಾಹ್ನ 2

ಆರೂವರೆಗೆ ಅಲಾರಂ. ಎದ್ದು ಮಂಡಿಯೂರಿದ್ದಷ್ಟೇ ನೆನಪು. ನನ್ನ ಜೊತೆಗಾತಿ ಸಿಸ್ಟರ್, ಅಂದರೆ ನನ್ನ ಜೋಡಿ, ಪ್ರಾರ್ಥನೆ ಮುಗಿಸಿ, ಹಲ್ಲುಜ್ಜಿ, ಮುಖ ಒರೆಸಿಕೊಂಡು ಬಂದರೂ ನಾನು ಹಾಸಿಗೆಗೆ ಹಣೆ ಆನಿಸಿಕೊಂಡು ಹಾಗೆಯೇ ಇದ್ದೆ — ಭಕ್ತಿಯಿಂದಲ್ಲ, ನಿದ್ದೆಯಿಂದ. ಅವಳು ಬೈಯಲಿಲ್ಲ. ಕೆನ್ನೆಯ ಮೇಲೆ ಹೊದಿಕೆಯ ಗೆರೆ ಬಿದ್ದಿದೆ, ದೇವರ ಸಹಿ ಅಂದುಕೊಳ್ಳಬೇಡ ಎಂದಳು. ಅವಳಿಗೆ ಇಪ್ಪತ್ಮೂರು, ನನಗೆ ಇಪ್ಪತ್ತು. ಅವಳ ಹದಿನೆಂಟು ತಿಂಗಳ ಮಿಷನರಿ ಸೇವೆಯಲ್ಲಿ ಇನ್ನು ಮೂರು ಉಳಿದಿವೆ. ನಾನು ಬಂದು ಐದು ವಾರ. ಮುಗಿಯುವವರೆಗೆ ಒಬ್ಬಳನ್ನು ಬಿಟ್ಟು ಒಬ್ಬಳು ಎಲ್ಲಿಗೂ ಹೋಗುವ ಹಾಗಿಲ್ಲ, ಬಚ್ಚಲುಮನೆಯೊಂದನ್ನು ಬಿಟ್ಟು.

ಹತ್ತರಿಂದ ಬಾಗಿಲು. ನೀರಿನ ಟ್ಯಾಂಕಿನ ಹಿಂದಿನ ಕಟ್ಟಡ, ನಾಲ್ಕು ಮಹಡಿ, ಲಿಫ್ಟ್ ಇಲ್ಲ. ಇಪ್ಪತ್ತೆರಡು ಬಾಗಿಲು ತಟ್ಟಿದೆವು. ಹದಿನೈದು ತೆರೆಯಲೇ ಇಲ್ಲ. ಒಬ್ಬರು ನಾವು ಬಾಯಿ ಬಿಡುವ ಮೊದಲೇ ನೀರಿನ ಫಿಲ್ಟರ್ ಬೇಡ ಎಂದರು. ಇನ್ನೊಬ್ಬರು ನಮ್ಮ ಎದೆಯ ಮೇಲಿನ ಚರ್ಚಿನ ಬ್ಯಾಡ್ಜನ್ನು ಅಕ್ಷರ ಅಕ್ಷರವಾಗಿ ಓದಿ, ಮಾರ್ಮನ್ ಕ್ರೈಸ್ತರು ಅಂದರೆ ನೀವೇನಾ, ಟೀ ಕಾಫಿ ಎರಡೂ ಕುಡಿಯದವರು, ಎಂದು ವಿಚಾರಿಸಿದರು. ಹೌದು ಎಂದೆವು. 'ಪಾಪ' ಎಂದು ಬಾಗಿಲು ಹಾಕಿಕೊಂಡರು. ಮೆಟ್ಟಿಲಲ್ಲಿ ಕುಳಿತು ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಆಮೇಲೆ ಎರಡನೇ ಮಹಡಿ. ಜೋಡಿ ಒಂದು ಮನೆಯ ಮುಂದೆ ಮಾತಿನಲ್ಲಿದ್ದಳು. ನಾನು ಪಕ್ಕದ ಬಾಗಿಲು ತಟ್ಟಿದೆ. ಒಬ್ಬ ಅಜ್ಜಿ ತೆಗೆದರು. ತುಟಿಯಲ್ಲಿ ದಾರ, ಹಣೆಯ ಮೇಲೆ ಕನ್ನಡಕ. ನಾನು ಅಭ್ಯಾಸದಂತೆ, ನಮಸ್ಕಾರ, ನಾವು ಸಿಸ್ಟರ್ಸ್ ಎಂದು ಶುರು ಮಾಡಿದೆ. ಮಾತು ಮುಗಿಯುವ ಮೊದಲೇ ಅಜ್ಜಿ ನನ್ನ ಕೈ ಹಿಡಿದೇ ಬಿಟ್ಟರು.

"ಆಸ್ಪತ್ರೆಯಿಂದ ಅಲ್ವಾ? ಅಂತೂ ಬಂದ್ರಲ್ಲಮ್ಮ. ಎರಡು ತಿಂಗಳಿಂದ ಕಾಯ್ತಿದ್ದೀವಿ."

ಒಳಗೆ ಮಂಚದ ಮೇಲೆ ಅವರ ಯಜಮಾನರು. ಎಂಟು ತಿಂಗಳ ಹಿಂದೆ ಲಕ್ವ ಹೊಡೆದಿದೆ. ಬಲಗಡೆ ಪೂರ್ತಿ ಹೋಗಿದೆ, ಮಾತೂ ಇಲ್ಲ. ಅಜ್ಜಿ ಅವರ ಎಡಗೈ ಎತ್ತಿ ನನ್ನ ಕೈಗೆ ಕೊಟ್ಟರು. ನಾಡಿ ನೋಡಲಿ ಎಂದು. ನಾನು ಹಿಡಿದೆ. ವಾಚ್ ನೋಡುತ್ತ ಎಣಿಸಿದೆ. ಎಪ್ಪತ್ತೆಂಟು. ಚೆನ್ನಾಗಿದೆ ಅಜ್ಜಿ ಎಂದೆ.

ಜೋಡಿ ಬರುವಷ್ಟರಲ್ಲಿ ನಾವು ಹಾಸಿಗೆಯ ಬಟ್ಟೆ ಬದಲಿಸುತ್ತಿದ್ದೆವು. ಅವಳೂ ತೋಳು ಮಡಚಿ ಸೇರಿಕೊಂಡಳು.

ವಾಪಸ್ ಬರುವಾಗ ಕೇಳಿದಳು, ಅಜ್ಜಿ ಆಸ್ಪತ್ರೆ ಅಂತೇನೋ ಅನ್ನುತ್ತಿದ್ದರಲ್ಲ, ನಮ್ಮನ್ನು ನರ್ಸ್ ಅಂದುಕೊಂಡರಾ ಎಂದು. ಮೊದಲು ಹಾಗೆ ಅಂದುಕೊಂಡಿದ್ದರು, ಅಲ್ಲ ಅಂತ ಹೇಳಿದೆ — ಎಂದುಬಿಟ್ಟೆ. ಬಾಯಿಂದ ತಾನಾಗಿ ಬಂತು. ಗುರುವಾರ ಹೋದಾಗ ಅಜ್ಜಿಗೆ ಹೇಳಿಬಿಡುತ್ತೇನೆ. ಆಗ ಜೋಡಿಗೆ ಹೇಳಿದ್ದೂ ನಿಜವಾಗುತ್ತದೆ. ಬರೀ ಎರಡು ದಿನ ಹಿಂದು ಮುಂದು.

ಮಾರ್ಚ್ 6, ಗುರುವಾರ

ಹೇಳಲಿಲ್ಲ.

ಹೇಳಬೇಕೆಂದೇ ಮೆಟ್ಟಿಲು ಹತ್ತಿದೆ. ಅಜ್ಜಿ ಬಿಸಿನೀರು ಕಾಯಿಸಿ, ಟವೆಲ್ ಮಡಚಿಟ್ಟು, ತಲೆ ಬಾಚಿಕೊಂಡು ಕಾಯುತ್ತಿದ್ದರು. ಯಜಮಾನರಿಗೂ ಕ್ರಾಪು ಬಾಚಿದ್ದರು. ಅಷ್ಟು ತಯಾರಿ ನೋಡಿ ನಾನು ಟವೆಲ್ ಕೈಗೆತ್ತಿಕೊಂಡೆ.

ಮೈ ಒರೆಸಿದೆವು. ಉಗುರು ಕತ್ತರಿಸಿದೆವು. ಯಜಮಾನರು ಇಡೀ ಜೀವನ ಕ್ರೇನ್ ನಡೆಸಿದ್ದರಂತೆ. ಎಡಗೈಯಲ್ಲಿ ಇನ್ನೂ ಎಷ್ಟು ಬಲವೆಂದರೆ ನನ್ನ ಬೆರಳು ಹಿಡಿದರೆ ಬಿಡಿಸಿಕೊಳ್ಳಬೇಕು. ಅಜ್ಜಿ ಶರ್ಟ್ ಫ್ಯಾಕ್ಟರಿಗೆ ಗುಂಡಿ ಹೊಲಿದುಕೊಡುತ್ತಾರೆ. ಮನೆ ತುಂಬ ಗುಂಡಿ. ಚಾಪೆಯ ಸಂದಿಯಲ್ಲಿ, ಕಿಟಕಿಯ ಕಟ್ಟೆಯಲ್ಲಿ, ಒಂದು ಸಲ ಯಜಮಾನರ ಕಿವಿಯ ಹಿಂದೆಯೂ ಸಿಕ್ಕಿತಂತೆ. ಮಗಳು ಬಿಸ್ಕತ್ ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್. ಬೆಳಕು ಹರಿಯುವ ಮೊದಲು ಹೋದರೆ ನಾಲ್ಕೂವರೆಗೆ ಬರುವುದು. ಕೆಲಸಕ್ಕೆ ಶೂ ಹಾಕಿಕೊಂಡು ಹೋಗುವುದರಿಂದ ಬಾಗಿಲ ಬಳಿ ಉಳಿದ ಅವಳ ಚಪ್ಪಲಿ ಮಾತ್ರ ನನಗೆ ಪರಿಚಯ. ಹಿಮ್ಮಡಿ ಸವೆದಿದೆ.

ಇನ್ನು ಪ್ರತಿ ಮಂಗಳವಾರ, ಗುರುವಾರ ಹನ್ನೊಂದಕ್ಕೆ ಬರುತ್ತೇವೆ ಎಂದು ಜೋಡಿಯೇ ಮಾತು ಕೊಟ್ಟಳು. ಎಲ್ಲರೂ ನಮ್ಮನ್ನು ಸಿಸ್ಟರ್ ಎಂದೇ ಕರೆಯುವುದು. ಅಜ್ಜಿಯೂ ಸಿಸ್ಟರ್ ಎನ್ನುತ್ತಾರೆ. ಜೋಡಿಗೆ ಏನು ಗೊತ್ತಾಗಬೇಕು?

ಕೆಳಗಿಳಿಯುವಾಗ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಐದು ವಾರದಲ್ಲಿ ಮೊದಲ ಸಲ ಒಂದು ಮನೆಯವರು ಮತ್ತೆ ಬನ್ನಿ ಎಂದಿದ್ದಾರೆ.

ಮಾರ್ಚ್ 10, ಸೋಮವಾರ. ಬೆಳಿಗ್ಗೆ 11

ಸೋಮವಾರ ನಮ್ಮ ಸ್ವಂತದ ದಿನ. ಬಟ್ಟೆ, ಕಸ, ಪತ್ರ, ಮನೆಗೆ ಫೋನ್. ಜೋಡಿ ಬಕೆಟ್ ತುಂಬ ನೊರೆ ಎಬ್ಬಿಸಿ ಸ್ತೋತ್ರ ಹಾಡಿಕೊಂಡು ಬಟ್ಟೆ ಕುಕ್ಕುತ್ತಾಳೆ. ಶ್ರುತಿಗೂ ಅವಳ ಹಾಡಿಗೂ ಮಾತುಕತೆಯಿಲ್ಲ. ಕೆಳಮನೆಯವರು ಕಿಟಕಿ ಮುಚ್ಚಿದ ಸದ್ದು ಕೇಳಿ ಇನ್ನೂ ಜೋರಾಗಿ ಹಾಡಿದಳು. ಇವಳ ಜೊತೆ ಇರುವುದು ಒಂದು ಸುಖ. ಅದಕ್ಕೇ ಹೇಳುವುದು ಕಷ್ಟ.

ಅಮ್ಮನಿಗೆ ಎರಡನೇ ಮಹಡಿಯ ಯಜಮಾನರ ವಿಷಯ ಹೇಳಿದೆ. ಅತ್ತಳು. ನರ್ಸಿಂಗ್ ಸೀಟು ಸಿಗಲಿಲ್ಲ ಅಂತ ಎಷ್ಟು ಕೊರಗಿದೆ, ಈಗ ನೋಡು, ದೇವರು ಬೇರೆ ದಾರಿಯಲ್ಲಿ ಆ ಕೆಲಸ ಮಾಡಿಸುತ್ತಿದ್ದಾನೆ ಎಂದಳು. ಕೇಳಿ ಹಿತವಾಯಿತು. ಸೀಟು ಕೈತಪ್ಪುವ ಮೊದಲೇ ಅಮ್ಮ ನೆಂಟರಿಗೆಲ್ಲ ಹೇಳಿಯಾಗಿತ್ತು. ಆ ವರ್ಷವೆಲ್ಲ ಚಿಕ್ಕಮ್ಮ ಸಿಕ್ಕಾಗಲೆಲ್ಲ, ನಮ್ಮ ನರ್ಸಮ್ಮ ಹೇಗಿದ್ದಾಳೆ ಎನ್ನುತ್ತಿದ್ದಳು. ಆ ಮನೆಯಲ್ಲಿ ನಾಡಿ ಹಿಡಿದಾಗ... ಇರಲಿ. ಇದನ್ನು ಯಾರೂ ಓದುವುದಿಲ್ಲ, ಬರೆದುಬಿಡುತ್ತೇನೆ. ಆ ಒಂದು ನಿಮಿಷ ನಾನು ನಿಜವಾಗಿ ನರ್ಸೇ ಆಗಿದ್ದೆ.

ಅಪ್ಪ ಸಭೆಗೆ ಬರುವವರಲ್ಲ. ವೆಲ್ಡಿಂಗ್ ಶಾಪೇ ಅವರಿಗೆ ಗುಡಿ, ಚರ್ಚು ಎಲ್ಲ. ಹೊಟ್ಟೆಗೆ ಸರಿಯಾಗಿ ತಿಂತೀಯಾ ಎಂದು ಕೇಳಿ ಫೋನ್ ಅಮ್ಮನಿಗೆ ಕೊಟ್ಟರು.

ನಮ್ಮ ಮಿಷನ್ನಿನ ಅಧ್ಯಕ್ಷರಿಗೆ ವಾರದ ಪತ್ರ ಬರೆದೆ. ನಮ್ಮಂಥ ನೂರು ಮಂದಿಗೆ ಇಲ್ಲಿ ಅವರೇ ತಂದೆಯಂತೆ. ಕಾಯಿಲೆಯವರೊಬ್ಬರ ಸೇವೆಗೆ ಹೋಗುತ್ತಿದ್ದೇವೆ ಎಂದು ಬರೆದೆ. ಸುಳ್ಳೇನಲ್ಲ.

ಮಾರ್ಚ್ 13, ಗುರುವಾರ

ಯಜಮಾನರ ಬೆನ್ನಿನ ಕೊನೆಯಲ್ಲಿ, ಮೂಳೆಯ ಮೇಲೆ, ಕೆಂಪು. ಕೋಟಿನ ಗುಂಡಿಯಷ್ಟು. ಅಜ್ಜಿ ಇದೇನು ಸಿಸ್ಟರ್ ಎಂದರು. ಮಲಗಿದ್ದಲ್ಲೇ ಮಲಗಿದರೆ ಹಾಗಾಗುತ್ತದೆ, ಹೊರಳಿಸುತ್ತಿರಿ, ಪೌಡರ್ ಹಾಕಿ ಎಂದೆ. ನನ್ನ ಸ್ವಂತ ಅಜ್ಜಿ ತೀರಿಹೋಗುವ ಮುಂಚೆ ನಮ್ಮ ಮನೆಯಲ್ಲಿ ಅಮ್ಮ ಪೌಡರ್ ಹಾಕುತ್ತಿದ್ದಳು. ನನ್ನ ವೈದ್ಯಶಾಸ್ತ್ರ ಅಲ್ಲಿಗೆ ಮುಗಿಯಿತು.

ಅಜ್ಜಿ ಒಂದೊಂದು ಮಾತನ್ನೂ ಮನಸ್ಸಿಟ್ಟು ಕೇಳಿದರು. ಬರೆದುಕೊಳ್ಳಲೇ ಎಂದೂ ಕೇಳಿದರು.

ಮಾರ್ಚ್ 18, ಮಂಗಳವಾರ

ಕೆಂಪು ಹಾಗೇ ಇದೆ. ಸ್ವಲ್ಪ ದೊಡ್ಡದಾಗಿದೆಯೇನೋ.

ಹೊರಡುವ ಮುಂಚೆ ಜೋಡಿ ಪ್ರಾರ್ಥನೆ ಮಾಡಿದಳು. ಅಜ್ಜಿ ಕಣ್ಣು ಒರೆಸಿಕೊಂಡರು. ನಿಮ್ಮ ಆಸ್ಪತ್ರೆಯಲ್ಲಿ ಎಲ್ಲರಿಗೂ ಹೀಗೆ ದೇವರ ಮಾತು ಹೇಳುತ್ತೀರಾ ಎಂದು ನನ್ನನ್ನು ಕೇಳಿದರು, ಮೆಲ್ಲಗೆ. ಜೋಡಿ ಶೂ ಕಟ್ಟಿಕೊಳ್ಳುತ್ತಿದ್ದಳು. ತಲೆಯಾಡಿಸಿದೆ. ಹೌದು ಎಂದೂ ಅಲ್ಲ, ಇಲ್ಲ ಎಂದೂ ಅಲ್ಲ, ಹಾಗೆ.

ಬೀದಿಗೆ ಬಂದ ಮೇಲೆ ಜೋಡಿಗೆ ಸಂಭ್ರಮ. ಅಜ್ಜಿಯ ಮನಸ್ಸು ಮೆದುವಾಗಿದೆ, ಗುರುವಾರ ನಮ್ಮ ಧರ್ಮದ ಮೊದಲ ಪಾಠ ಶುರು ಮಾಡೋಣ, ನೀನೇ ಹೇಳಿಕೊಡು ಎಂದಳು. ಪಾಠ ಶುರುವಾದರೆ ನಾವು ಯಾರು ಎಂಬುದರಿಂದಲೇ ಶುರುವಾಗಬೇಕು. ಈ ವಾರ ಬೇಡ ಅಕ್ಕ, ಪಾಪ ಸುಸ್ತಾಗಿದ್ದಾರೆ ಎಂದೆ. ನಿನ್ನ ಮನಸ್ಸು ದೊಡ್ಡದು ಎಂದು ಬೆನ್ನು ತಟ್ಟಿದಳು.

ಬಾಗಿಲು ಬಾಗಿಲು ತಟ್ಟಿ ಯಾವುದನ್ನು ಹೇಳಲು ಬಂದೆನೋ ಅದನ್ನು ಹೇಳದಂತೆ ತಡೆಯುತ್ತಿದ್ದೇನೆ. ತೆರೆದ ಒಂದೇ ಒಂದು ಮನೆಯಲ್ಲಿ.

ಮಾರ್ಚ್ 20, ಗುರುವಾರ. ಮಧ್ಯಾಹ್ನ 1

ಇದನ್ನು ಸರಿಯಾಗಿ ಬರೆಯಬೇಕು.

ಜೋಡಿ ಬಚ್ಚಲಲ್ಲಿ ಬಟ್ಟೆ ಒಗೆಯುತ್ತಿದ್ದಳು, ನಲ್ಲಿ ಜೋರಾಗಿ ಬಿಟ್ಟುಕೊಂಡು. ನಾನು ಹೊದಿಕೆ ಮಡಚುತ್ತಿದ್ದೆ. ಫೋನ್ ಬಂತು. ಅಜ್ಜಿ ಎತ್ತಿ, ಹೌದು, ಹೌದು, ಮಗಳು ಅರ್ಜಿ ಕೊಟ್ಟಿದ್ದಳು ಎಂದರು. ಆಮೇಲೆ, "ಬೇಡಪ್ಪ, ಆಗ್ಲೇ ಇಬ್ಬರು ಸಿಸ್ಟರ್ ಬರ್ತಿದ್ದಾರಲ್ಲ. ತುಂಬ ಚೆನ್ನಾಗಿ ನೋಡ್ಕೊಳ್ತಿದ್ದಾರೆ. ಬೇರೆ ಯಾರಿಗಾದ್ರೂ ಕಳಿಸಿ, ಪಾಪ" ಎಂದು ಇಟ್ಟರು. ನನ್ನ ಕಡೆ ನೋಡಿ ನಕ್ಕರು. ನಮ್ಮನ್ನು ಹೊಗಳಿದ ಖುಷಿ ಅವರಿಗೆ.

ನಾನು ಹೊದಿಕೆಯ ನಾಲ್ಕು ಮೂಲೆ ಸೇರಿಸಿ ಮಡಚಿದೆ. ಮತ್ತೆ ಬಿಚ್ಚಿ ಮಡಚಿದೆ. ಯಾರ ಫೋನ್ ಎಂದು ಕೇಳಲಿಲ್ಲ. ಕೇಳುವ ಅಗತ್ಯವಿರಲಿಲ್ಲ.

ಜೋಡಿ ಒದ್ದೆ ಕೈಯಲ್ಲಿ ಹೊರಗೆ ಬಂದು, ಏನು ಮುಖ ಹೀಗೆ ಎಂದಳು. ತಲೆನೋವು ಎಂದೆ.

ಮಂಗಳವಾರ. ಮಂಗಳವಾರ ಹೇಳುತ್ತೇನೆ. ಇಬ್ಬರಿಗೂ.

ಮಾರ್ಚ್ 25, ಮಂಗಳವಾರ

ಕೆಂಪಾದಲ್ಲಿ ಚರ್ಮ ಒಡೆದಿದೆ. ಒಳಗೆ ಹಳದಿ. ವಾಸನೆ. ಯಜಮಾನರು ಕಣ್ಣು ಮುಚ್ಚಿಕೊಂಡಿದ್ದರು. ಜೋಡಿ ನೋಡಿ ನನ್ನ ಕಡೆ ತಿರುಗಿದಳು. ಡಾಕ್ಟರಿಗೆ ತೋರಿಸಬೇಕಲ್ವಾ ಎಂದು ಕೇಳಿದಳು. ಆಸ್ಪತ್ರೆಯವರಿಗೆ ಗೊತ್ತಿದೆ ಎಂದೆ. ಒಂದು ಸುಳ್ಳಿಗೆ ಆಸರೆಯಾಗಿ ಇನ್ನೊಂದು. ಎಷ್ಟು ಸರಾಗವಾಗಿ ಬಂತು.

ಅವಳು ಬಕೆಟ್ ಎತ್ತಿಕೊಂಡು ಹೋದ ಮೇಲೆ ಅಜ್ಜಿ ನನ್ನ ಹತ್ತಿರ ಬಂದು ನಿಂತರು.

"ಸಿಸ್ಟರ್, ನೀವು ನೋಡ್ತಿದ್ದೀರಲ್ಲ, ಧೈರ್ಯ ಇದೆ. ಆದ್ರೂ ಕೇಳ್ತೀನಿ. ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕಾ?"

ಆಗ ಹೇಳಬಹುದಿತ್ತು. ಒಂದೇ ಮಾತು. ಹೌದು ಎಂದಿದ್ದರೂ ಸಾಕಿತ್ತು, ಬೇರೇನೂ ಒಪ್ಪಿಕೊಳ್ಳಬೇಕಾಗಿರಲಿಲ್ಲ. ಆದರೆ ಆಸ್ಪತ್ರೆಗೆ ಹೋದರೆ, ಯಾವ ಸಿಸ್ಟರ್ ಬರುತ್ತಿದ್ದರು ಎಂದು ಅಲ್ಲಿ ಕೇಳುತ್ತಾರೆ. ಅದು ತಲೆಗೆ ಬಂತು. ಅದೇ ಮೊದಲು ಬಂತು.

"ಕಡಿಮೆ ಆಗ್ತಿದೆ ಅಜ್ಜಿ. ಇನ್ನು ಒಂದು ವಾರ ನೋಡೋಣ" ಎಂದೆ.

ಮಾರ್ಚ್ 27, ಗುರುವಾರ

ಮಿಷನರಿಗಳ ಸಮ್ಮೇಳನಕ್ಕೆ ಪಕ್ಕದ ಊರಿಗೆ ಬಂದೆವು, ಬಸ್ಸಿನಲ್ಲಿ ಮೂರು ಗಂಟೆ. ಹನ್ನೊಂದಕ್ಕೆ ಅಜ್ಜಿಯ ಮನೆಯಲ್ಲಿರಬೇಕಾಗಿತ್ತು. ಜೋಡಿ ಅಜ್ಜಿಗೆ ಮೊದಲೇ ತಿಳಿಸಿದ್ದಳು.

ಅಧ್ಯಕ್ಷರು ಒಬ್ಬೊಬ್ಬರನ್ನೇ ಕರೆದು ಮಾತಾಡಿಸಿದರು. ಮನೆಯವರು ಹೇಗಿದ್ದಾರೆ, ನಿದ್ದೆ ಬರುತ್ತದಾ, ಜೋಡಿ ಚೆನ್ನಾಗಿ ನೋಡಿಕೊಳ್ಳುತ್ತಾಳಾ ಎಂದು ಕೇಳಿದರು. ಆಮೇಲೆ ಪೆನ್ನಿನ ಮುಚ್ಚಳ ಹಾಕಿ, ಪುಸ್ತಕ ಮುಚ್ಚಿಟ್ಟು, ಮನಸ್ಸಲ್ಲಿ ಏನಾದರೂ ಇದೆಯಾ ಮಗಳೇ ಎಂದರು. ಅವರ ಮೇಜಿನ ಗಾಜಿನ ಕೆಳಗೆ ಮೊಮ್ಮಗುವಿನ ಫೋಟೋ ಇತ್ತು. ಅದನ್ನೇ ನೋಡುತ್ತ, ಎಲ್ಲ ಚೆನ್ನಾಗಿದೆ ಎಂದೆ.

ಏಪ್ರಿಲ್ 1, ಮಂಗಳವಾರ. ಮಧ್ಯಾಹ್ನ 12

ಬಾಗಿಲಿಗೆ ಬೀಗ. ಸವೆದ ಚಪ್ಪಲಿಯೂ ಇಲ್ಲ.

ಪಕ್ಕದ ಮನೆಯಾಕೆ ಹೇಳಿದರು. ಭಾನುವಾರ ಬೆಳಿಗ್ಗೆ ಜ್ವರ ಏರಿ ಮೈ ನಡುಗತೊಡಗಿತಂತೆ, ಎಚ್ಚರ ತಪ್ಪಿತಂತೆ. ನಾಲ್ಕು ಜನ ಕುರ್ಚಿಯಲ್ಲಿ ಕೂರಿಸಿ ಕೆಳಗಿಳಿಸಿದರಂತೆ. ನಂಜು ರಕ್ತಕ್ಕೆ ಏರಿದೆ ಎಂದು ಡಾಕ್ಟರು ಹೇಳಿದರಂತೆ.

ಕೋಣೆಗೆ ಬಂದಿದ್ದೇವೆ. ಆಸ್ಪತ್ರೆಗೆ ಹೋಗೋಣ ಬಾ ಎನ್ನುತ್ತಿದ್ದಾಳೆ ಜೋಡಿ, ಶೂ ಹಾಕಿಕೊಳ್ಳುತ್ತಿದ್ದಾಳೆ.

ಅದೇ ದಿನ. ಸಂಜೆ 6

ವಾರ್ಡಿನ ಹೊರಗೆ ಬೆಂಚು. ಅಜ್ಜಿ ಇರಲಿಲ್ಲ, ಒಳಗಿದ್ದರು. ಬೆಂಚಿನ ಮೇಲೆ ಒಬ್ಬ ಹೆಂಗಸು, ಮೂವತ್ತೈದಿರಬಹುದು, ತಲೆಗೆ ಫ್ಯಾಕ್ಟರಿಯ ಟೋಪಿ ಹಾಗೇ ಇತ್ತು, ತೆಗೆಯುವುದು ಮರೆತಿರಬೇಕು. ಮಗಳು. ಚಪ್ಪಲಿಯಿಂದ ಗುರುತು ಹಿಡಿದೆ. ಜೋಡಿ ಹೋಗಿ ಕೈ ಹಿಡಿದು, ನಾವು ಮನೆಗೆ ಬರುತ್ತಿದ್ದ ಸಿಸ್ಟರ್ಸ್ ಎಂದಳು. ಮಗಳು ಬ್ಯಾಡ್ಜ್ ನೋಡಿದರು. ನಿಧಾನವಾಗಿ ಓದಿದರು. ಎರಡು ಸಲ ಓದಿದರು.

"ನೀವು ಆಸ್ಪತ್ರೆಯವರಲ್ವಾ?"

ಜೋಡಿ ಅಲ್ಲ ಎಂದಳು, ಸಹಜವಾಗಿ. ನಾವು ಮಿಷನರಿಗಳು, ಅಮ್ಮನಿಗೆ ಮೊದಲ ದಿನವೇ ಹೇಳಿದ್ದೇವಲ್ಲ ಎಂದಳು. ನನ್ನ ಕಡೆ ತಿರುಗಿದಳು, ಹೂಂ ಅನ್ನು ಎನ್ನುವಂತೆ. ನಾನು ನೆಲ ನೋಡುತ್ತಿದ್ದೆ. ಜೋಡಿಗೆ ಅರ್ಥವಾದದ್ದು ನನಗೆ ತಿಳಿಯಿತು. ಮಗಳ ಕೈ ಬಿಟ್ಟಳು.

ಮಗಳು ಕೂಗಾಡಲಿಲ್ಲ. ಕೂಗಿದ್ದರೆ ತಡೆದುಕೊಳ್ಳುತ್ತಿದ್ದೆ. ಲೆಕ್ಕ ಹೇಳಿದಂತೆ ಒಂದೊಂದೇ ಹೇಳಿದರು. ಜನವರಿಯಲ್ಲಿ ಮನೆಗೆ ಬರುವ ನರ್ಸಿಗೆ ಅರ್ಜಿ ಕೊಟ್ಟದ್ದು. ಸರದಿ ಬಂದದ್ದು. ಅಮ್ಮ ಬೇಡ ಎಂದದ್ದು. ಅವರು ಹೆಸರು ಹೊಡೆದು ಹಾಕಿದ್ದು. ದಿನಾ ಸಂಜೆ ತಾನು ಗಾಯ ನೋಡಿ ಹೆದರಿದಾಗಲೆಲ್ಲ ಅಮ್ಮ ಹೇಳುತ್ತಿದ್ದ ಮಾತು — ಸಿಸ್ಟರ್ ಕಡಿಮೆ ಆಗ್ತಿದೆ ಅಂದಿದ್ದಾರೆ, ನಿನಗೇನು ಗೊತ್ತು.

"ನಾನು ಬಿಸ್ಕತ್ತು ತುಂಬೋಳು. ನನಗೇನು ಗೊತ್ತು ಅಂತ ಸುಮ್ನಾದೆ" ಎಂದರು. "ನಿನಗೆ ಏನು ಗೊತ್ತಿತ್ತು?"

ಏನೂ ಇಲ್ಲ ಎಂದೆ.

"ಹೋಗಿ. ಅಮ್ಮ ಹೊರಗೆ ಬರೋದ್ರೊಳಗೆ ಹೋಗಿ."

ಬಸ್ಸಿಳಿದು ಜೋಡಿ ನನಗಿಂತ ಮುಂದೆ ನಡೆದಳು. ಬೀಗ ತೆಗೆದು ಒಳಗೆ ಬಂದ ಮೇಲೆ ಗೋಡೆಗೆ ಒರಗಿ ನಿಂತಳು. "ಹೇಳಿದೆ ಅಂದಿದ್ದೆಯಲ್ಲ ನೀನು" ಎಂದಳು. ಅಷ್ಟೇ. ಆಮೇಲೆ ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡಳು. ಬಹಳ ಹೊತ್ತು ನಲ್ಲಿ ಹರಿಯುತ್ತಿತ್ತು.

ಏಪ್ರಿಲ್ 2, ಬುಧವಾರ

ಅಧ್ಯಕ್ಷರಿಗೆ ಫೋನ್. ಮಾರ್ಚ್ ನಾಲ್ಕರಿಂದ ಹಿಡಿದು ಎಲ್ಲ ಹೇಳಿದೆ. ಮನೆಗೆ ಕಳಿಸಿಬಿಡಿ ಎಂದೂ ಹೇಳಿದೆ. ಅವರು, ಮನೆಗೆ ಹೋಗುವುದು ನಿನಗೆ ಸುಲಭ, ಆ ಅಜ್ಜಿಗೆ ಅದರಿಂದ ಏನು ಬಂತು ಎಂದರು. ಆಕೆಯ ಎದುರು ನಿಂತು ನಿನ್ನ ಬಾಯಿಂದಲೇ ಹೇಳಬೇಕು, ಆಕೆ ಏನೇ ಅಂದರೂ ಕೇಳಿಸಿಕೊಳ್ಳಬೇಕು, ಆಮೇಲೆ ಮುಂದಿನದು ಎಂದರು. ಕೋಪವಿರಲಿಲ್ಲ ಮಾತಿನಲ್ಲಿ. ಅದು ಇನ್ನೂ ಭಾರ.

ಜೋಡಿ ಊಟ ಬಡಿಸಿ ನನ್ನ ತಟ್ಟೆ ನನ್ನ ಕಡೆ ಸರಿಸಿದಳು. ಮುಖ ನೋಡಲಿಲ್ಲ. ನಿಯಮದ ಪ್ರಕಾರ ಇಬ್ಬರೂ ಒಂದೇ ಕೋಣೆಯಲ್ಲಿರಬೇಕು. ಇದ್ದೇವೆ.

ಏಪ್ರಿಲ್ 5, ಶನಿವಾರ

ಆಸ್ಪತ್ರೆ. ಮಗಳು ದೂರದಿಂದಲೇ ನೋಡಿ ತಲೆ ಅಲ್ಲಾಡಿಸಿದರು. ತಿರುಗಿ ಬಂದೆವು.

ಬಸ್ ಸ್ಟಾಪಿನಲ್ಲಿ ಜೋಡಿ ತಾನಾಗಿ ಮಾತು ತೆಗೆದಳು. ನಾಲ್ಕು ದಿನವಾದ ಮೇಲೆ.

"ನಾನೂ ನೋಡಿದ್ನಲ್ಲ ಆ ಗಾಯಾನ. ಹದಿನಾರು ತಿಂಗಳಿಂದ ಮಿಷನರಿ ನಾನು. ನೀನು ಹೇಳಿದ್ದನ್ನ ನಂಬಿಕೊಂಡು ಬಕೆಟ್ ಎತ್ಕೊಂಡು ಹೋದೆ. ನಂಬೋದು ಸುಲಭ ಇತ್ತು, ಅದಕ್ಕೆ ನಂಬಿದೆ."

ಅಲ್ಲ ಅಕ್ಕ, ನಿನ್ನದೇನೂ ತಪ್ಪಿಲ್ಲ ಎಂದೆ. ನನ್ನ ಪಾಲಿನದನ್ನು ನೀನು ಹೊರಬೇಡ, ನಿನ್ನದೇ ಬೇಕಾದಷ್ಟಿದೆ ಎಂದಳು. ಆಮೇಲೆ ಬಸ್ ಬಂತು. ಜಾಗ ಒಂದೇ ಇತ್ತು. ನನ್ನನ್ನು ಕೂರಿಸಿ ತಾನು ನಿಂತಳು.

ಏಪ್ರಿಲ್ 7, ಸೋಮವಾರ

ಮನೆಗೆ ಫೋನ್. ಅಮ್ಮ ಆ ಯಜಮಾನರು ಹೇಗಿದ್ದಾರೆ ಎಂದಳು. ಹೇಳಿದೆ. ಅಮ್ಮ ಫೋನ್ ಅಪ್ಪನ ಕೈಗೆ ಕೊಟ್ಟಳು. ಅಪ್ಪ, ಎಲ್ಲಾ ಕೇಳಿಸಿಕೊಂಡೆ ಪುಟ್ಟಿ ಎಂದರು. ಬೈಯುತ್ತಾರೆ ಎಂದು ಕಾದೆ. ನಾಳೆ ಮತ್ತೆ ಆಸ್ಪತ್ರೆಗೆ ಹೋಗುತ್ತೀಯಾ ಎಂದು ಕೇಳಿದರು. ಹೋಗುತ್ತೇನೆ, ಅವರು ಒಳಗೆ ಬಿಡುವುದಿಲ್ಲ ಎಂದೆ. ಬಿಡೋ ತನಕ ಹೋಗು ಎಂದರು.

ಏಪ್ರಿಲ್ 17, ಗುರುವಾರ. ಸಂಜೆ 5

ಹತ್ತು ದಿನ ಬರೆಯಲಿಲ್ಲ. ಬರೆಯುವಂಥದ್ದೇನೂ ಇರಲಿಲ್ಲ. ದಿನಾ ಬಾಗಿಲು ತಟ್ಟಿದೆವು, ದಿನಾ ಆಸ್ಪತ್ರೆಗೆ ಹೋಗಿ ಗೇಟಿನಿಂದ ವಾಪಸ್ ಬಂದೆವು. ಯಜಮಾನರಿಗೆ ಎರಡು ಸಲ ಆಪರೇಷನ್ ಆಯಿತು, ಕೊಳೆತ ಮಾಂಸ ತೆಗೆದರು ಎಂದು ಪಕ್ಕದ ಮನೆಯಾಕೆಯಿಂದ ತಿಳಿಯಿತು. ಒಂದು ವಾರ ಆಸೆ ಇರಲಿಲ್ಲ. ಬದುಕಿದರು.

ಇವತ್ತು ಗೇಟಿನಲ್ಲಿ ಅಜ್ಜಿಯೇ ಸಿಕ್ಕರು. ಒಬ್ಬರೇ, ಕೈಯಲ್ಲಿ ಫ್ಲಾಸ್ಕ್. ಮೊದಲಿಗಿಂತ ಕುಗ್ಗಿಹೋಗಿದ್ದರು. ಜೋಡಿ ನಾಲ್ಕು ಹೆಜ್ಜೆ ಹಿಂದೆ ನಿಂತಳು. ನಾನು ಹೋಗಿ ಹೇಳಿದೆ. ಬಾಯಿಪಾಠ ಮಾಡಿಕೊಂಡದ್ದೆಲ್ಲ ಮರೆತುಹೋಯಿತು. ನಾನು ನರ್ಸ್ ಅಲ್ಲ ಅಜ್ಜಿ, ಮೊದಲ ದಿನವೇ ಹೇಳಬೇಕಾಗಿತ್ತು, ಹೇಳಲಿಲ್ಲ. ಗಾಯ ಕಡಿಮೆ ಆಗುತ್ತಿದೆ ಎಂದದ್ದೂ ಸುಳ್ಳು, ನನಗೆ ಏನೂ ಗೊತ್ತಿರಲಿಲ್ಲ. ಹೇಳಿದರೆ ನೀವು ಒಳಗೆ ಕರೆಯುವುದಿಲ್ಲ ಎಂದು ಭಯವಾಯಿತು.

ಅಜ್ಜಿ ಫ್ಲಾಸ್ಕನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದರು. ಮಗಳಿಂದ ಎಲ್ಲ ಕೇಳಿದ್ದರು.

"ನರ್ಸ್ ಅಲ್ಲ ಅಂದಿದ್ರೂ ಒಳಗೆ ಕರೀತಿದ್ದೆ ಕಣಮ್ಮ" ಎಂದರು. "ಎಂಟು ತಿಂಗಳಲ್ಲಿ ನಮ್ಮ ಬಾಗಿಲು ಯಾರು ತಟ್ಟಿದ್ರು? ಕುಡಿಯೋಕೆ ನೀರು ಕೊಟ್ಟು ಕೂರಿಸ್ತಿದ್ದೆ. ನಿಮ್ಮ ದೇವರ ಕತೆ ಹೇಳ್ತೀರಾ, ಹೇಳಿ ಅಂತಿದ್ದೆ. ನರ್ಸ್ ಬೇರೆ ಬರ್ತಿದ್ಳು, ನೀವೂ ಬರ್ತಿದ್ರಿ."

ಕಣ್ಣು ಒರೆಸಿಕೊಳ್ಳಲಿಲ್ಲ. ಬೈಯಲೂ ಇಲ್ಲ. ಹಾಲು ಆರಿಹೋಗುತ್ತೆ ಎಂದು ಒಳಗೆ ಹೋದರು.

ಅಲ್ಲೇ ನಿಂತಿದ್ದೆ. ಜೋಡಿ ಬಂದು ತೋಳು ಹಿಡಿದು ಕರೆದುಕೊಂಡು ಬಂದಳು. ಅಂದರೆ ಆ ಸುಳ್ಳು ಬೇಕಾಗಿಯೇ ಇರಲಿಲ್ಲ. ಯಾವತ್ತೂ ಬೇಕಾಗಿರಲಿಲ್ಲ.

ಏಪ್ರಿಲ್ 22, ಮಂಗಳವಾರ

ಬೇಕರಿ ಬೀದಿ. ಮೂವತ್ತು ಬಾಗಿಲು. ಪ್ರತಿ ಬಾಗಿಲಲ್ಲೂ ಮೊದಲ ವಾಕ್ಯವೇ — ನಾವು ಮಿಷನರಿಗಳು, ಆಸ್ಪತ್ರೆಯಿಂದ ಬಂದವರಲ್ಲ. ಒಬ್ಬ ದರ್ಜಿ, ಆಸ್ಪತ್ರೆಯವರು ಅಂತ ಯಾರು ಅಂದ್ರಮ್ಮ ಎಂದು ಹುಬ್ಬು ಗಂಟಿಕ್ಕಿದ. ಜೋಡಿ ನಗು ತಡೆಯಲಾರದೆ ಮುಖ ತಿರುಗಿಸಿದಳು. ಆಮೇಲೆ ನನಗೂ ನಗು ಬಂತು. ಮೂರು ವಾರದಲ್ಲಿ ಮೊದಲ ಸಲ. ತಕ್ಷಣ ನಾಚಿಕೆಯಾಯಿತು, ನಕ್ಕದ್ದಕ್ಕೆ.

ಮೇ 3, ಶನಿವಾರ. ಸಂಜೆ 5

ಮಗಳು ಬಂದಿದ್ದರು. ಇಲ್ಲಿಗೆ, ನಮ್ಮ ಕೋಣೆಗೆ. ವಿಳಾಸ ಪಕ್ಕದ ಮನೆಯಾಕೆ ಕೊಟ್ಟರಂತೆ. ಒಳಗೆ ಬನ್ನಿ ಎಂದರೆ ಬರಲಿಲ್ಲ. ಕುರ್ಚಿಯನ್ನು ಬಾಗಿಲಿಗೇ ತಂದಿಟ್ಟೆ. ಕೂರಲಿಲ್ಲ.

ಅವರ ಅಪ್ಪನನ್ನು ಬುಧವಾರ ಮನೆಗೆ ಕರೆತಂದಿದ್ದಾರೆ. ಈಗ ಆಸ್ಪತ್ರೆಯ ನರ್ಸ್ ವಾರಕ್ಕೆ ಎರಡು ಸಲ ಬಂದು ಗಾಯಕ್ಕೆ ಪಟ್ಟಿ ಕಟ್ಟುತ್ತಾಳೆ. ಆದರೆ ಎರಡೆರಡು ಗಂಟೆಗೆ ಹೊರಳಿಸಬೇಕು, ತಪ್ಪಿಸುವ ಹಾಗಿಲ್ಲ. ಅಮ್ಮ ಒಬ್ಬರಿಂದಲೇ ಆಗುವುದಿಲ್ಲ. ನಿನ್ನೆ ಸೊಂಟ ಹಿಡಿದುಕೊಂಡು ಮಲಗಿದರು. ಮೂರು ದಿನ ಪಕ್ಕದ ಮನೆಯಾಕೆ ಬರುತ್ತಾರೆ, ಭಾನುವಾರ ತನಗೆ ರಜೆ. ಉಳಿದದ್ದು ಮೂರು ದಿನ. ಇದನ್ನೆಲ್ಲ ಬಾಗಿಲ ಚೌಕಟ್ಟನ್ನು ನೋಡುತ್ತ ಹೇಳಿದರು. ಆಮೇಲೆ ನನ್ನನ್ನು ನೋಡಿದರು.

"ನಿನ್ನ ಕ್ಷಮಿಸಿದ್ದೀನಿ ಅಂತ ತಿಳ್ಕೋಬೇಡ. ಕೇಳೋಕೆ ಬೇರೆ ಯಾರೂ ಇಲ್ಲ, ಅದಕ್ಕೆ ಬಂದೆ. ನನಗೆ ಬೇಕಾಗಿರೋದು ಕೈ. ಔಷಧಿ, ಸಲಹೆ ಏನೂ ಹೇಳ್ಬಾರ್ದು. ಪ್ರಾರ್ಥನೆ ಮಾಡೋದಿದ್ರೆ ಮನಸ್ಸಲ್ಲೇ ಮಾಡ್ಕೊಳ್ಳಿ. ಚರ್ಮ ಒಂದು ಚೂರು ಕೆಂಪಾದ್ರೂ ನನಗೆ ಫೋನ್ ಮಾಡ್ಬೇಕು. ಆಗುತ್ತಾ?"

ಆಗುತ್ತೆ ಎಂದೆ. ನಮ್ಮ ದೊಡ್ಡವರನ್ನು ಕೇಳಿ ಹೇಳುತ್ತೇನೆ ಎಂದು ಜೋಡಿ ಸೇರಿಸಿದಳು. ಮಗಳು ಫೋನ್ ನಂಬರ್ ಬರೆದ ಚೀಟಿಯನ್ನು ಅವಳ ಕೈಗೆ ಕೊಟ್ಟರು. ನನ್ನ ಕೈಗಲ್ಲ.

ಅಧ್ಯಕ್ಷರು ವಾರಕ್ಕೆ ಮೂರು ದಿನ, ಹನ್ನೊಂದರಿಂದ ಮೂರು ಎಂದು ಒಪ್ಪಿದರು.

ಮೇ 6, ಮಂಗಳವಾರ. ಮಧ್ಯಾಹ್ನ 12.40

ಅವರ ಮನೆಯಲ್ಲೇ ಕುಳಿತು ಬರೆಯುತ್ತಿದ್ದೇನೆ. ಒಂದು ಸಲ ಹೊರಳಿಸಿ ಆಯಿತು, ಮುಂದಿನದು ಒಂದು ಗಂಟೆಗೆ. ಅಜ್ಜಿ ಗೋಡೆಗೆ ಒರಗಿ ಗುಂಡಿ ಹೊಲಿಯುತ್ತಿದ್ದಾರೆ. ನನ್ನ ಜೊತೆ ಹೆಚ್ಚು ಮಾತಿಲ್ಲ. ಜೋಡಿಗೆ ದಾರ ಪೋಣಿಸಲು ಕೊಟ್ಟಿದ್ದಾರೆ. ಅವಳು ಆರನೇ ಸಲ ಸೂಜಿಯ ಕಣ್ಣು ತಪ್ಪಿಸಿದಾಗ ಅಜ್ಜಿಯ ತುಟಿ ಕೊಂಕಿತು. ನಗುವಿರಬೇಕು.

ಯಜಮಾನರು ತುಂಬ ಇಳಿದುಹೋಗಿದ್ದಾರೆ. ಪಟ್ಟಿ ನನ್ನ ಅಂಗೈಗಿಂತ ದೊಡ್ಡದಿದೆ. ಆಸ್ಪತ್ರೆಯಲ್ಲಿ ಅವರಿಗೆ ಕಣ್ಣಿನಿಂದ ಉತ್ತರ ಹೇಳುವುದನ್ನು ಕಲಿಸಿದ್ದಾರೆ. ಒಂದು ಸಲ ಮಿಟುಕಿಸಿದರೆ ಹೌದು, ಎರಡು ಸಲ ಮಿಟುಕಿಸಿದರೆ ಇಲ್ಲ. ಮಗಳು ದೊಡ್ಡ ಅಕ್ಷರದಲ್ಲಿ ಬರೆದು ಮಂಚದ ಮೇಲೆ ಅಂಟಿಸಿದ್ದಾರೆ.

ಹನ್ನೊಂದಕ್ಕೆ ಜೋಡಿ ಭುಜ ಹಿಡಿದಳು, ನಾನು ಸೊಂಟ. ನರ್ಸ್ ತೋರಿಸಿಕೊಟ್ಟ ಹಾಗೆ, ಎಳೆಯದೆ, ಹಾಸಿನ ಸಮೇತ ಎತ್ತಿ ಎಡಕ್ಕೆ ಮಲಗಿಸಿ ಬೆನ್ನಿಗೆ ದಿಂಬು ಕೊಟ್ಟೆವು. ಆಯಿತು ಎಂದು ಹಿಂದೆ ಸರಿಯುವಾಗ ಅವರ ಕಣ್ಣು ನನ್ನ ಮೇಲಿತ್ತು. ಮಾರ್ಚ್ ಪೂರ್ತಿ ಈ ಮುಖದ ಪಕ್ಕ ಕುಳಿತಿದ್ದೇನೆ. ನಾಡಿ ಹಿಡಿದಿದ್ದೇನೆ, ಚೆನ್ನಾಗಿದೆ ಎಂದಿದ್ದೇನೆ, ಕಡಿಮೆ ಆಗುತ್ತಿದೆ ಎಂದಿದ್ದೇನೆ. ಇವರನ್ನು ಒಂದು ಸಲವೂ ಏನೂ ಕೇಳಿರಲಿಲ್ಲ.

ಮಂಡಿಯೂರಿ ಕುಳಿತು ಮುಖದ ಹತ್ತಿರ ಹೋದೆ.

"ಹೀಗೆ ಮಲಗಿದ್ರೆ ನೋವಾಗುತ್ತಾ?"

ನೋಡುತ್ತಲೇ ಇದ್ದರು. ಕಣ್ಣು ಮುಚ್ಚಿದರು, ತೆರೆದರು. ಒಂದು ಸಲ. ನಾನು ಎರಡನೆಯದಕ್ಕೆ ಕಾದೆ. ಬರಲಿಲ್ಲ.

ಅಕ್ಕ, ಇನ್ನೊಂದು ಸಲ ಹಿಡಿ ಎಂದೆ. ದಿಂಬು ತೆಗೆದು ಮಡಚಿ ಸ್ವಲ್ಪ ಕೆಳಗಿಟ್ಟೆವು. ಮತ್ತೆ ಕೇಳಿದೆ. ಮತ್ತೆ ಒಂದೇ. ಮಂಡಿಗಳ ನಡುವೆ ಟವೆಲ್ ಇಟ್ಟೆ. ಮತ್ತೆ ಕೇಳಿದೆ. ಅಜ್ಜಿ ಸೂಜಿ ಕೆಳಗಿಟ್ಟು ನೋಡುತ್ತಿದ್ದರು. ಐದನೇ ಸಲವೋ ಆರನೇ ಸಲವೋ, ಒಂದು ಮಿಟುಕಿಸಿ, ತಡೆದು, ನಿಧಾನವಾಗಿ ಎರಡನೆಯದು.

ಒಂದು ಗಂಟೆಯಾಯಿತು. ಅಜ್ಜಿ ಕರೆಯುತ್ತಿದ್ದಾರೆ —